ಕೊತ್ತಂಬರಿ ಯಾಕೆ ಹಾಳಾಯಿತು? ಸೊಪ್ಪು ನೋಡಿ ಕಾರಣ ಹಿಡಿಯುವ ಕ್ರಮ

"ಕೊತ್ತಂಬರಿ ಮೂರೇ ದಿನಕ್ಕೆ ಹಾಳಾಗುತ್ತೆ, ಏನು ಮಾಡೋದು?" ಅಂತ ಕೇಳಿದವರಿಗೆಲ್ಲ ನಾನು ಮೊದಲು ಕೇಳುವುದು ಒಂದೇ: ಹಾಳಾಗಿದೆ ಅಂದರೆ ಹೇಗೆ? ಬಾಡಿತಾ, ಹಳದಿ ತಿರುಗಿತಾ, ಲೋಳೆಯಾಯಿತಾ, ಕಪ್ಪಾಯಿತಾ? ಇವು ಬೇರೆ ಬೇರೆ ಕಾಯಿಲೆ. ಬಾಡಿದ್ದಕ್ಕೆ ನೀರು ಬೇಕು. ಲೋಳೆಯಾದದ್ದಕ್ಕೆ ನೀರೇ ಕಾರಣ. ಹಳದಿಗೆ ತಂಪು ಮದ್ದು. ಕಾಮಕಸ್ತೂರಿ ಕಪ್ಪಾಗುವುದೇ ತಂಪಿನಿಂದ. ಯಾರೋ ಹೇಳಿದರು ಅಂತ ಒದ್ದೆ ಬಟ್ಟೆ ಸುತ್ತುವುದು, ಇನ್ಯಾರೋ ಹೇಳಿದರು ಅಂತ ಟಿಶ್ಯೂ ಹಾಸುವುದು, ಎರಡೂ ಸರಿಯೇ, ಆದರೆ ಯಾವುದಕ್ಕೆ ಯಾವುದು ಅನ್ನುವುದು ಗೊತ್ತಿರಬೇಕು.

ಈ ಬರಹ ಮನೆಯವರಿಗೆ, ಗಾಡಿ ಅಂಗಡಿ ಇಟ್ಟವರಿಗೆ, ಹಿತ್ತಲಲ್ಲೋ ಅರ್ಧ ಎಕರೆಯಲ್ಲೋ ಸೊಪ್ಪು ಬೆಳೆಯುವವರಿಗೆ. ಕೊತ್ತಂಬರಿಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಪುದೀನ, ಕರಿಬೇವು, ಸಬ್ಬಸಿಗೆ ನಡುನಡುವೆ ಬರುತ್ತವೆ.

ಮೊದಲು ಕಟ್ಟು ಬಿಚ್ಚಿ

ಕಟ್ಟು ಕಟ್ಟಿದ ಹಾಗೇ ನೋಡಿದರೆ ಏನೂ ತಿಳಿಯುವುದಿಲ್ಲ. ಅಂಗಡಿಯವರು ಚೆನ್ನಾಗಿರುವುದನ್ನು ಹೊರಗೆ ಕಾಣುವಂತೆ ಜೋಡಿಸಿರುತ್ತಾರೆ, ಅದು ಅವರ ತಪ್ಪೂ ಅಲ್ಲ. ಬಿಚ್ಚುವ ಮುಂಚೆ ಎರಡು ಬೆರಳನ್ನು ಕಟ್ಟಿನ ಒಳಕ್ಕೆ ತೂರಿಸಿ. ಒಳಗೆ ಹೊರಗಿಗಿಂತ ಬೆಚ್ಚಗಿದೆಯಾ? ಹಾಗಿದ್ದರೆ ಅರ್ಧ ಉತ್ತರ ಸಿಕ್ಕಿತು. ಆಮೇಲೆ ಬಾಳೆನಾರೋ ರಬ್ಬರ್ ಬ್ಯಾಂಡೋ ಬಿಗಿದಿದ್ದ ಜಾಗ ನೋಡಿ. ಅಲ್ಲಿ ದಂಟು ಜಜ್ಜಿ, ಗಾಜಿನ ಹಾಗೆ ತೆಳ್ಳಗಾಗಿ, ಅಂಚು ಕಂದು ತಿರುಗಿದ್ದರೆ ಕೊಳೆ ಶುರುವಾಗುವುದು ಅಲ್ಲಿಂದಲೇ. ಒಂದು ದಂಟು ತೆಗೆದು ಬಗ್ಗಿಸಿ: ಪಟ್ಟನೆ ಮುರಿದರೆ ಒಳಗೆ ನೀರಿದೆ, ರಬ್ಬರಿನಂತೆ ಬಳುಕಿದರೆ ಇಲ್ಲ. ಒಂದು ಎಲೆ ಹಿಸುಕಿ ಮೂಸಿ. ಕೊನೆಗೆ ಒಂದು ಹಿಡಿ ಸೊಪ್ಪನ್ನು ಒಣ ಪೇಪರ್ ಮೇಲೆ ಕೊಡವಿ. ಪೇಪರ್ ಮೇಲೆ ನೀರಿನ ಚುಕ್ಕೆ ಎಷ್ಟು ಬಿತ್ತು ಅಂತ ನೋಡಿ. ಐದು ನಿಮಿಷದ ಕೆಲಸ ಇದು.

ಒಂದು ಮಾತು ನೆನಪಿರಲಿ: ಕಿತ್ತ ಸೊಪ್ಪು ಸತ್ತಿಲ್ಲ. ಉಸಿರಾಡುತ್ತಲೇ ಇರುತ್ತದೆ. ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ಸುಟ್ಟು ಶಾಖ, ನೀರಾವಿ, ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಉಸಿರಾಟ ಸುಮಾರು ಎರಡರಿಂದ ಮೂರು ಪಟ್ಟಾಗುತ್ತದೆ. ಬೇರಿನಿಂದ ಹೊಸ ಪೂರೈಕೆ ಇಲ್ಲ, ಖರ್ಚು ಮಾತ್ರ ಇದೆ. ಮುಂದೆ ಹೇಳುವ ಹೆಚ್ಚಿನ ದೋಷಗಳು ಇಲ್ಲಿಂದಲೇ ಹುಟ್ಟುತ್ತವೆ.

ಹಳದಿ ತಿರುಗಿದೆ

ಬರುವ ದೂರುಗಳಲ್ಲಿ ಹೆಚ್ಚಿನವು ಇದೇ, ತಪ್ಪಾಗಿ ಅರ್ಥ ಮಾಡಿಕೊಳ್ಳುವುದೂ ಇದನ್ನೇ. "ಹಳೇ ಸೊಪ್ಪು ಕೊಟ್ಟಿದ್ದಾನೆ" ಅಂತ ಅಂಗಡಿಯವನನ್ನು ಬೈಯುವ ಮುಂಚೆ ಹಳದಿ ಎಲ್ಲಿದೆ ಅಂತ ನೋಡಿ.

ಗಿಡದ ಬುಡದ ಎಲೆಗಳು ಮಾತ್ರ ಹಳದಿ, ಮೇಲಿನವು ಹಸಿರು: ಇದು ಹೊಲದಿಂದಲೇ ಬಂದದ್ದು. ಗಿಡ ಬಲಿತಿದೆ ಅಥವಾ ಸಾರಜನಕ ಸಾಲದೆ ಬೆಳೆದಿದೆ. ತುದಿಯ ಎಲೆಗಳು ಸಬ್ಬಸಿಗೆಯಂತೆ ಸೀಳುಸೀಳಾಗಿದ್ದರೆ ಗಿಡ ಹೂವಿಗೆ ಬರುತ್ತಿತ್ತು ಅಂತ ಅರ್ಥ. ಅಂಥ ಸೊಪ್ಪನ್ನು ಏನು ಮಾಡಿದರೂ ಹೆಚ್ಚು ದಿನ ಇಡಲಾಗದು. ಹಳದಿ ಎಲೆ ಕಿತ್ತು, ಎರಡು ದಿನದಲ್ಲಿ ಮುಗಿಸಿ.

ಕಟ್ಟಿನ ನಡುವಿನ ಎಲೆಗಳು ಹಳದಿ, ಹೊರಗಿನವು ಚೆನ್ನಾಗಿವೆ: ಶಾಖ. ಕೋಲಾರ, ಮಾಲೂರು, ಚಿಕ್ಕಬಳ್ಳಾಪುರದ ಕಡೆಯಿಂದ ಬೆಂಗಳೂರಿಗೆ ಬರುವ ಸೊಪ್ಪಿನ ಕಥೆ ಯೋಚಿಸಿ. ಮಧ್ಯಾಹ್ನದ ಬಿಸಿಲಲ್ಲಿ ಕಿತ್ತು, ಬಿಗಿಯಾಗಿ ಕಟ್ಟಿ, ಗೋಣಿಯಲ್ಲಿ ಒತ್ತಿ ತುಂಬಿ, ಒಂದರ ಮೇಲೊಂದು ಪೇರಿಸಿ ರಾತ್ರಿ ಗಾಡಿ ಹತ್ತಿಸಿದರೆ, ಹಸಿ ಹುಲ್ಲಿನ ಬಣವೆ ಒಳಗೊಳಗೇ ಕಾಯುವಂತೆ ಈ ರಾಶಿಯೂ ಕಾಯುತ್ತದೆ. ಉಸಿರಾಟದಿಂದ ಶಾಖ, ಶಾಖದಿಂದ ಇನ್ನಷ್ಟು ಉಸಿರಾಟ. ಬೆಳಗ್ಗೆ ಮಾರುಕಟ್ಟೆಯಲ್ಲಿ ಗೋಣಿ ಬಿಚ್ಚಿದಾಗ ಹೊರಗೆ ಮುಟ್ಟಿದರೆ ತಣ್ಣಗೆ, ಒಳಗೆ ಕೈ ಹಾಕಿದರೆ ಬಿಸಿ. ಬಣ್ಣ ಆಗಲೂ ಹಸಿರೇ. ಮನೆಗೆ ತಂದ ಮಾರನೇ ದಿನ ಹಳದಿ ಕಾಣಿಸಿಕೊಳ್ಳುತ್ತದೆ, ಬೈಗುಳ ಫ್ರಿಜ್‌ಗೆ.

ಇದಕ್ಕೆ ಮನೆಯವರು ಮಾಡಬಹುದಾದದ್ದು: ತಂದ ತಕ್ಷಣ ಕಟ್ಟು ಬಿಚ್ಚಿ, ನೆರಳಲ್ಲಿ ಹರವಿ, ಫ್ಯಾನ್ ಗಾಳಿಗೆ ಹದಿನೈದು ನಿಮಿಷ ಬಿಡಿ. ಕಟ್ಟು ಬಿಚ್ಚದೆ ಫ್ರಿಜ್‌ಗೆ ತುರುಕಿದರೆ ಒಳಗಿನ ಬಿಸಿ ಹೋಗಲು ಗಂಟೆಗಟ್ಟಲೆ ಬೇಕು. ಬೆಳೆಯುವವರು ಮಾಡಬೇಕಾದದ್ದು ಇದಕ್ಕಿಂತ ಮುಖ್ಯ: ಬೆಳಗಿನ ತಂಪಲ್ಲಿ, ಇಬ್ಬನಿ ಆರಿದ ಮೇಲೆ ಬಿಸಿಲೇರುವ ಮುಂಚೆ ಕೀಳಿ. ಸಂಜೆಯೇ ಕೀಳಬೇಕಾದರೆ ಬಿಸಿಲು ಇಳಿದ ಮೇಲೆ ಕಿತ್ತು, ನೆರಳಲ್ಲಿ ಹರವಿ ಬಿಸಿ ಹೋಗಿಸಿ, ಆಮೇಲೆ ಸಡಿಲವಾಗಿ ಕಟ್ಟಿ. ಗೋಣಿಗಿಂತ ತೂತಿರುವ ಪ್ಲಾಸ್ಟಿಕ್ ಕ್ರೇಟ್ ವಾಸಿ. ಬೇರು ಕೆಳಗೆ, ಎಲೆ ಮೇಲೆ ಬರುವಂತೆ ನಿಲ್ಲಿಸಿ ಜೋಡಿಸಿದರೆ ನಡುವೆ ಗಾಳಿ ಆಡುತ್ತದೆ. ಕ್ರೇಟ್‌ಗೆ ದುಡ್ಡು ಹಾಕಲು ಹಿಂಜರಿಯುವವರು ತಳದ ಗೋಣಿಯಲ್ಲಿ ಎಸೆದ ಸೊಪ್ಪಿನ ಲೆಕ್ಕ ಹಾಕುವುದಿಲ್ಲ.

ಫ್ರಿಜ್‌ನಲ್ಲಿಟ್ಟು ಮೂರು ನಾಲ್ಕು ದಿನಕ್ಕೆ ಒಳಗೆ ಹೊರಗೆ ಅನ್ನದೆ ಎಲ್ಲ ಎಲೆಯೂ ಮಾಸಲು ಹಳದಿ: ಪಕ್ಕದಲ್ಲಿ ಹಣ್ಣು ಇದೆಯಾ ನೋಡಿ. ಮಾಗುವ ಬಾಳೆ, ಮಾವು, ಸಪೋಟ, ಪರಂಗಿ, ಸೇಬು, ಟೊಮೆಟೊ ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ. ಕಣ್ಣಿಗೆ ಕಾಣದ, ನಮ್ಮ ಮೂಗಿಗೆ ಗೊತ್ತಾಗದ ಪ್ರಮಾಣದಲ್ಲೇ ಅದು ಎಲೆಯ ಹಸಿರನ್ನು ಒಡೆಯುತ್ತದೆ. ಕೊತ್ತಂಬರಿ, ಪುದೀನ ಎರಡಕ್ಕೂ ಇದು ಆಗದು. ಮೇ ತಿಂಗಳಲ್ಲಿ ಫ್ರಿಜ್ ತುಂಬ ಮಾವಿನಹಣ್ಣು ತುಂಬಿಟ್ಟು, "ಬೇಸಿಗೆ ಬಂತು ನೋಡಿ, ಕೊತ್ತಂಬರಿ ನಿಲ್ಲೋದೇ ಇಲ್ಲ" ಅನ್ನುವವರನ್ನು ಪ್ರತಿ ವರ್ಷ ನೋಡುತ್ತೇನೆ. ಪರೀಕ್ಷೆ ಸುಲಭ: ಒಂದೇ ಕಟ್ಟನ್ನು ಎರಡು ಮಾಡಿ, ಒಂದನ್ನು ಹಣ್ಣಿನ ಜತೆ, ಇನ್ನೊಂದನ್ನು ಮುಚ್ಚಳದ ಡಬ್ಬಿಯಲ್ಲಿ ಬೇರೆ ಅಂಕಣದಲ್ಲಿ ಇಡಿ. ಅಂಗಡಿಯವರು ಬಾಳೆಗೊನೆಯ ಕೆಳಗೆ ಸೊಪ್ಪಿನ ಬುಟ್ಟಿ ಇಡುವುದನ್ನು ಇವತ್ತೇ ಬಿಡಬಹುದು.

ಬಾಡಿದೆ, ಆದರೆ ಬಣ್ಣ ಹಸಿರೇ

ಇದು ಬರೀ ನೀರಿನ ನಷ್ಟ, ಇರುವುದರಲ್ಲಿ ಸುಲಭದ ದೋಷ. ಖಾತ್ರಿ ಮಾಡಿಕೊಳ್ಳಲು: ದಂಟಿನ ತುದಿಯನ್ನು ಒಂದು ಸೆಂಟಿಮೀಟರ್‌ನಷ್ಟು ಹರಿತವಾದ ಚಾಕುವಿನಿಂದ ಕತ್ತರಿಸಿ, ತಣ್ಣೀರಿನ ಲೋಟದಲ್ಲಿ ನಿಲ್ಲಿಸಿ, ಮೇಲೆ ಪ್ಲಾಸ್ಟಿಕ್ ಕವರ್ ಸಡಿಲವಾಗಿ ಮುಚ್ಚಿ. ಒಂದೆರಡು ಗಂಟೆಯಲ್ಲಿ ತಲೆ ಎತ್ತಿದರೆ ನೀರಿನ ನಷ್ಟವೇ ಕಾರಣ. ಎತ್ತದಿದ್ದರೆ ತಡವಾಗಿದೆ, ಅವತ್ತೇ ಚಟ್ನಿ ಮಾಡಿ.

ಅಡುಗೆಮನೆಯಲ್ಲಿ ತೂಕದ ಯಂತ್ರ ಇದ್ದರೆ ಇನ್ನೂ ಒಳ್ಳೆಯದು. ರಾತ್ರಿ ಇಡುವಾಗ ತೂಗಿ, ಬೆಳಗ್ಗೆ ತೂಗಿ. 100 ಗ್ರಾಂ ಇದ್ದದ್ದು 95ಕ್ಕೆ ಇಳಿಯುವ ಹೊತ್ತಿಗೆ ಹೆಚ್ಚಿನ ಸೊಪ್ಪುಗಳ ತಾಜಾತನ ಕಣ್ಣಿಗೇ ಕಡಿಮೆ ಕಾಣತೊಡಗುತ್ತದೆ. ಮಾರುವವರಿಗೆ ಇದು ತೂಕದ ನಷ್ಟವೂ ಹೌದು.

ನೀರು ಎಲ್ಲಿ ಹೋಯಿತು? ಎರಡು ಬಾಗಿಲಿನ, ಮಂಜುಗಡ್ಡೆ ಕಟ್ಟದ ಫ್ರಿಜ್‌ಗಳಲ್ಲಿ ಫ್ಯಾನ್ ಒಣಗಾಳಿ ಓಡಿಸುತ್ತಿರುತ್ತದೆ. ಸೊಪ್ಪನ್ನು ತೆರೆದಿಟ್ಟರೆ ರಾತ್ರಿ ಕಳೆಯುವುದರೊಳಗೆ ಬಾಡುತ್ತದೆ. ಕೊತ್ತಂಬರಿಗೆ ಬೇಕಾದದ್ದು 0 ಡಿಗ್ರಿಯ ಹತ್ತಿರದ ತಂಪು ಮತ್ತು ಶೇ. 95ಕ್ಕಿಂತ ಹೆಚ್ಚಿನ ತೇವಾಂಶ. ಹಾಗೆ ಇಟ್ಟರೆ ಎರಡು ವಾರ ಧಾರಾಳವಾಗಿ ನಿಲ್ಲುತ್ತದೆ. ಮನೆಯ ಫ್ರಿಜ್ 4 ಡಿಗ್ರಿ ಆಸುಪಾಸು ಇರುವುದರಿಂದ ಒಂದು ವಾರ ಸಿಕ್ಕರೆ ನ್ಯಾಯವಾದ ಲೆಕ್ಕ. ತೇವಾಂಶ ಉಳಿಸಲು ಡಬ್ಬಿ ಅಥವಾ ಕವರ್ ಬೇಕೇ ಬೇಕು.

ಬೇರು ಇರುವ ಸೊಪ್ಪು ತಂದರೆ ಬೇರು ಕೀಳಬೇಡಿ. ಮಣ್ಣು ತೊಳೆದು, ಬೇರು ಮಾತ್ರ ಮುಳುಗುವಷ್ಟು ನೀರಿರುವ ಲೋಟದಲ್ಲಿ ನಿಲ್ಲಿಸಿ. ಎಲೆ ನೀರಿಗೆ ತಾಗದಂತೆ ನೋಡಿಕೊಳ್ಳಿ, ನೀರು ದಿನ ಬಿಟ್ಟು ದಿನ ಬದಲಿಸಿ. ಪುದೀನಕ್ಕೂ ಇದೇ ಕ್ರಮ. ಪುದೀನದ ಕಡ್ಡಿ ಅಡುಗೆಮನೆಯ ಕಿಟಕಿಯಲ್ಲಿ ನೀರಲ್ಲಿ ನಿಂತೇ ಬೇರು ಬಿಡುತ್ತದೆ, ಆಮೇಲೆ ಕುಂಡಕ್ಕೆ ಹಾಕಿದರೆ ಕೊಳ್ಳುವ ಗೋಜೇ ಇಲ್ಲ.

ಸಬ್ಬಸಿಗೆ ಎಲ್ಲಕ್ಕಿಂತ ಬೇಗ ಬಾಡುತ್ತದೆ, ಎಳೆ ಎಳೆಯಾಗಿ ಗಾಳಿಗೆ ತೆರೆದುಕೊಂಡಿರುವ ಎಲೆ ಅದು. ಅದಕ್ಕೆ ಲೋಟದ ಉಪಚಾರ ಸಾಲದು. ಹಿಂಡಿದ ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಕವರ್‌ಗೆ ಹಾಕಿ, ಎರಡು ಮೂರು ದಿನದಲ್ಲಿ ಬಳಸಿ.

ಫ್ರಿಜ್ ಇಲ್ಲದ ಕಡೆ

ಬಾಡುವುದರ ಮಾತು ಬಂದಾಗ ಇದನ್ನೂ ಹೇಳಿಬಿಡಬೇಕು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ರೂಪಿಸಿದ ಕರೆಂಟ್ ಬೇಡದ ತಂಪು ಕೋಣೆ ಇಟ್ಟಿಗೆ, ಮರಳಿನದು. ಇಟ್ಟಿಗೆಯ ಎರಡು ಗೋಡೆ, ನಡುವೆ ಸುಮಾರು 7.5 ಸೆಂಟಿಮೀಟರ್ ಸಂದು, ಸಂದಿಗೆ ಮರಳು. ಬೆಳಗ್ಗೆ ಸಂಜೆ ಮರಳು, ಇಟ್ಟಿಗೆಗೆ ನೀರು ಕುಡಿಸುತ್ತಿದ್ದರೆ ನೀರು ಆವಿಯಾಗುತ್ತ ಒಳಗೆ ತಂಪಾಗುತ್ತದೆ, ತೇವಾಂಶ ಶೇ. 90ರ ಹತ್ತಿರ ನಿಲ್ಲುತ್ತದೆ. ಮೇಲೆ ಹುಲ್ಲಿನ ಚಾಪೆಯ ಮುಚ್ಚಳ, ಅದರ ಮೇಲೆ ನೆರಳಿಗೆ ಚಪ್ಪರ. ಕಲಬುರಗಿ, ರಾಯಚೂರು, ಬಳ್ಳಾರಿಯ ಒಣ ಬೇಸಿಗೆಯಲ್ಲಿ ಇದರ ಕೆಲಸ ನೋಡಬೇಕು. ಹೊರಗೆ 40 ಡಿಗ್ರಿ ಇದ್ದರೂ ಒಳಗೆ ಕೈ ಹಾಕಿದರೆ ಹಾಯೆನಿಸುತ್ತದೆ. ಇದನ್ನೇ ಮಂಗಳೂರಲ್ಲೋ ಉಡುಪಿಯಲ್ಲೋ ಜೂನ್ ತಿಂಗಳಲ್ಲಿ ಕಟ್ಟಿ ತಂಪಾಗಲಿಲ್ಲ ಅಂದರೆ ದೋಷ ಇಟ್ಟಿಗೆಯದಲ್ಲ. ಗಾಳಿಯಲ್ಲೇ ನೀರು ತುಂಬಿರುವಾಗ ಮರಳಿನ ನೀರು ಎಲ್ಲಿಗೆ ಆವಿಯಾಗಿ ಹೋಗಬೇಕು? ಒದ್ದೆ ಗೋಣಿ, ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ, ಇವಕ್ಕೂ ಅದೇ ಮಿತಿ. ಕರಾವಳಿಯ ಮಳೆಗಾಲದಲ್ಲಿ ಬಾಡುವುದಕ್ಕಿಂತ ಮುಂದಿನ ದೋಷದ್ದೇ ಹೆಚ್ಚು ಕಾಟ.

ಲೋಳೆ, ಕೊಳೆ, ಕೆಟ್ಟ ವಾಸನೆ

ಎಲೆ ಒಂದಕ್ಕೊಂದು ಅಂಟಿಕೊಂಡು, ಕಡು ಹಸಿರಾಗಿ, ಮುಟ್ಟಿದರೆ ಜಾರುತ್ತಿದ್ದರೆ ಅದು ಬ್ಯಾಕ್ಟೀರಿಯಾದ ಕೊಳೆ. ಈ ಬ್ಯಾಕ್ಟೀರಿಯಾಗಳು ಸೊಪ್ಪಿನ ಜತೆಗೆ ಮಣ್ಣಿನಿಂದಲೇ ಬಂದಿರುತ್ತವೆ. ಅವಕ್ಕೆ ಬೇಕಾದದ್ದು ಎರಡು: ಒಳಹೋಗಲು ಒಂದು ಗಾಯ, ಈಜಾಡಲು ಒಂದು ಪದರ ನೀರು.

ನೀರು ಎಲ್ಲಿಂದ ಬಂತು ಅನ್ನುವುದನ್ನು ಹುಡುಕಬೇಕು. ಒಂದು, ತೊಳೆದು ಆರಿಸದೆ ಇಟ್ಟದ್ದು. ಎರಡು, ಅಂಗಡಿಯಲ್ಲಿ ಗಂಟೆಗೊಮ್ಮೆ ಚಿಮುಕಿಸಿದ್ದು. ಬಿಸಿಲಲ್ಲಿ ನಿಂತ ಗಾಡಿಯವರಿಗೆ ಬೇರೆ ದಾರಿ ಇಲ್ಲ, ಆದ್ದರಿಂದ ಕೊಂಡವರೇ ಮನೆಗೆ ಬಂದು ಕೊಡವಬೇಕು. ಮೂರನೆಯದು ಹಲವರಿಗೆ ಹೊಳೆಯುವುದಿಲ್ಲ: ಮೇಲೆ ನೀರಿಲ್ಲದ ಸೊಪ್ಪನ್ನೇ ಬಿಸಿಯಿರುವಾಗ ಕವರಿಗೆ ಹಾಕಿ ಬಿಗಿದು ಫ್ರಿಜ್‌ಗೆ ಇಟ್ಟದ್ದು. ಸೊಪ್ಪು ಬಿಟ್ಟ ಆವಿ ಕವರಿನ ಒಳಮೈಗೆ ತಾಗಿ ಹನಿಯಾಗಿ ಎಲೆಯ ಮೇಲೇ ಬೀಳುತ್ತದೆ. ಮಾರನೇ ಬೆಳಗ್ಗೆ ಕವರಿನ ಒಳಗೆ ಮಬ್ಬು ಕಂಡರೆ ಇದೇ. ಬಾಗಿಲು ಪದೇಪದೇ ತೆಗೆಯುವ ಫ್ರಿಜ್, ದಿನಕ್ಕೆರಡು ಸಲ ಕರೆಂಟ್ ಹೋಗುವ ಊರು, ಎರಡರಲ್ಲೂ ಇದು ಮರುಕಳಿಸುತ್ತದೆ.

ಪರಿಹಾರ ಹೀಗೆ. ಕೊಳೆತ, ಜಜ್ಜಿದ ದಂಟುಗಳನ್ನು ಒಂದೊಂದಾಗಿ ಆರಿಸಿ ತೆಗೆಯಿರಿ. ಒಂದು ಉಳಿದರೂ ಪಕ್ಕದ್ದಕ್ಕೆ ಹಬ್ಬುತ್ತದೆ. ಉಳಿದದ್ದನ್ನು ಫ್ಯಾನ್ ಕೆಳಗೆ ಹತ್ತಿ ಬಟ್ಟೆಯ ಮೇಲೆ ಹರವಿ. ಹಳೆ ಪಂಚೆ ಇದಕ್ಕೆ ಸರಿಯಾದ ಬಟ್ಟೆ, ಟರ್ಕಿ ಟವಲಿನ ಎಳೆಗೆ ಸಬ್ಬಸಿಗೆ ಸಿಕ್ಕಿಕೊಳ್ಳುತ್ತದೆ. ಎಲೆ ಮೇಲಿನ ನೀರು ಆರಬೇಕು, ಎಲೆ ಬಾಡಬಾರದು. ಆ ನಡುವಿನ ಹದ ಕೈಗೆ ಬರಲು ನಾಲ್ಕು ಸಲ ಮಾಡಬೇಕಾಗುತ್ತದೆ. ಆಮೇಲೆ ತಳಕ್ಕೂ ಮೇಲಕ್ಕೂ ಟಿಶ್ಯೂ ಅಥವಾ ಬಟ್ಟೆ ಹಾಕಿದ ಡಬ್ಬಿಯಲ್ಲಿ ಅದುಮದೆ ತುಂಬಿ. ಬಟ್ಟೆ ಒದ್ದೆಯಾದಾಗ ಬದಲಿಸಿ.

ನನ್ನ ಅಭಿಪ್ರಾಯ ಕೇಳಿದರೆ, ಇಡುವ ಸೊಪ್ಪನ್ನು ತೊಳೆಯಲೇಬಾರದು. ಬೇರಿನ ಮಣ್ಣು ಕೊಡವಿ ಇಟ್ಟು, ಬಳಸುವ ಮುಂಚೆ ಎರಡು ಮೂರು ನೀರಲ್ಲಿ ಜಾಲಾಡಿಸಿ ತೊಳೆಯಿರಿ. ಬೆಳಗ್ಗೆ ಡಬ್ಬಿ ಕಟ್ಟುವ ಅವಸರದಲ್ಲಿರುವವರಿಗೆ ಇದು ಹಿಡಿಸುವುದಿಲ್ಲ ಅಂತ ಗೊತ್ತು. ಅವರು ತೊಳೆದು ಪೂರ್ತಿ ಆರಿಸಿ ಇಡಲಿ. ಹೆಚ್ಚಿಟ್ಟ ಕೊತ್ತಂಬರಿಯನ್ನು ಮಾತ್ರ ಹೊರಗೆ ಬಿಡಬೇಡಿ, ಹೆಚ್ಚಿದ ಸೊಪ್ಪಿಗೆಲ್ಲ ಗಾಯವೇ ತಾನೆ. ಅದನ್ನು ಹಸಿಯಾಗೇ ಕೋಸಂಬರಿಗೆ, ಚುರುಮುರಿಗೆ ಉದುರಿಸುತ್ತೇವೆ ಅನ್ನುವುದೂ ನೆನಪಿರಲಿ.

ಲೋಳೆ ಇಲ್ಲ, ಆದರೆ ಡಬ್ಬಿ ತೆರೆದಾಗ ಹುಳಿ ಹುಳಿ ವಾಸನೆ ಬಂದರೆ ಗಾಳಿ ಸಾಲದೆ ಉಸಿರುಗಟ್ಟಿದೆ. ಕವರನ್ನು ಬಿಗಿಯಾಗಿ ಗಂಟು ಹಾಕಿದಾಗ ಆಗುವುದು ಇದು. ನಾಲ್ಕಾರು ಸಣ್ಣ ತೂತು ಮಾಡಿ, ಅಥವಾ ಬಾಯಿ ಮಡಚಿಟ್ಟರೆ ಸಾಕು.

ಲೋಳೆಯಾದದ್ದನ್ನು ತೊಳೆದು ಬಳಸುವ ಯೋಚನೆ ಬೇಡ. ಗೊಬ್ಬರದ ಗುಂಡಿಗೆ.

ಕಪ್ಪಾಗಿದೆ

ಕಪ್ಪು ಅಂದರೆ ಮೂರು ನಾಲ್ಕು ಬಗೆ.

ಕಾಮಕಸ್ತೂರಿ, ತುಳಸಿ, ಅಂಗಡಿಯಲ್ಲಿ ಬೇಸಿಲ್ ಅಂತ ಸಿಗುವುದು, ಇವೆಲ್ಲ ಒಂದೇ ಕುಲದವು, ಬೆಚ್ಚಗಿನ ನೆಲದವು. ಸುಮಾರು 10 ಡಿಗ್ರಿಗಿಂತ ಕೆಳಗೆ ಇಟ್ಟರೆ ಎಲೆಯಲ್ಲಿ ಕಂದು ಕಪ್ಪು ಕಲೆ ಮೂಡಿ ಒಂದೆರಡು ದಿನದಲ್ಲಿ ಪೂರ್ತಿ ಕರಿದಾಗುತ್ತದೆ. ಫ್ರಿಜ್ ಇವಕ್ಕೆ ಜಾಗವಲ್ಲ. ಲೋಟದ ನೀರಲ್ಲಿ ನಿಲ್ಲಿಸಿ, ಕವರ್ ಹೊದಿಸಿ, ಅಡುಗೆ ಕಟ್ಟೆಯ ಮೇಲೆ ಬಿಸಿಲು ಬೀಳದ ಕಡೆ ಇಡಿ. ದೊಡ್ಡಪತ್ರೆಯನ್ನಂತೂ ಕಿತ್ತು ಇಡುವ ಪ್ರಮೇಯವೇ ಬರಬಾರದು, ಕುಂಡದಲ್ಲಿ ಇದ್ದೇ ಇರುತ್ತದೆ.

ಕೊತ್ತಂಬರಿ, ಪುದೀನದ ಎಲೆ ಅಲ್ಲಲ್ಲಿ ಎಣ್ಣೆ ಕಾಗದದಂತೆ ಪಾರದರ್ಶಕವಾಗಿ, ಬೆಚ್ಚಗಾದ ಮೇಲೆ ಕಪ್ಪಾಗಿ ಜೋತುಬಿದ್ದರೆ ಅದು ಹೆಪ್ಪುಗಟ್ಟಿ ಕರಗಿದ್ದು. ಒಂದು ಬಾಗಿಲಿನ ಫ್ರಿಜ್‌ನಲ್ಲಿ ಐಸ್ ಪೆಟ್ಟಿಗೆಯ ಕೆಳಗಿನ ತಟ್ಟೆ, ಎರಡು ಬಾಗಿಲಿನದರಲ್ಲಿ ಗಾಳಿ ಬರುವ ಹಿಂದಿನ ಗೋಡೆ, ಇವೆರಡು ಅಪಾಯದ ಜಾಗ. ಸಂಶಯವಿದ್ದರೆ ಒಂದು ಬಟ್ಟಲಲ್ಲಿ ಸ್ವಲ್ಪ ನೀರು ಹಾಕಿ ರಾತ್ರಿಯಿಡೀ ಅಲ್ಲೇ ಬಿಡಿ. ಬೆಳಗ್ಗೆ ಅಂಚಲ್ಲಿ ಐಸ್ ಕಂಡರೆ ಸೊಪ್ಪಿಗೆ ಆ ಜಾಗ ಬೇಡ.

ಪುದೀನದ ಎಲೆ ಅಂಚಲ್ಲಿ, ಮಡಿಕೆಯಲ್ಲಿ ಮಾತ್ರ ಕಪ್ಪು: ಜಜ್ಜಿದ್ದು. ಕತ್ತರಿಯ ಅಲಗು ಮೊಂಡಾಗಿದೆಯೋ, ಡಬ್ಬಿಗೆ ಒತ್ತಿ ತುಂಬಿದ್ದೀರೋ ನೋಡಿ. ರುಚಿಗೆ ತೊಂದರೆಯಿಲ್ಲ, ಚಟ್ನಿಯ ಬಣ್ಣ ಮಾತ್ರ ಮಂಕು.

ಕರಿಬೇವಿನ ಮೇಲೆ ಕಪ್ಪು ಪುಡಿಯಂತೆ ಇದ್ದು, ಒದ್ದೆ ಬೆರಳಿಗೆ ಒರೆಸಿದರೆ ಬರುತ್ತಿದ್ದರೆ ಅದು ಮರದಲ್ಲೇ ಇದ್ದ ಬೂಷ್ಟು. ರಸ ಹೀರುವ ಹುಳುಗಳು ಬಿಟ್ಟ ಅಂಟಿನ ಮೇಲೆ ಬೆಳೆಯುತ್ತದೆ. ಇಡುವ ಕ್ರಮ ಬದಲಿಸಿ ಪ್ರಯೋಜನವಿಲ್ಲ, ಮರ ನೋಡಬೇಕು. ಹಾಗೇ ಕೊತ್ತಂಬರಿ ಎಲೆಯ ಮೇಲೆ ಬಿಳಿ ಹಿಟ್ಟು ಎರಚಿದಂತಿದ್ದರೆ ಬೂದಿ ರೋಗ, ಅದೂ ಹೊಲದ್ದು. ಒರೆಸಿದರೆ ಹೋಗದ ಕಪ್ಪಾದರೆ ತೇವದ ಕೊಳೆ, ಹಿಂದಿನ ಭಾಗಕ್ಕೆ ಹೋಗಿ.

ಕರಿಬೇವಿನ ಎಲೆ ಕಡ್ಡಿಯಿಂದ ಉದುರುತ್ತಿದೆ

ಕಡ್ಡಿಸಮೇತ ಇಟ್ಟ ಕರಿಬೇವನ್ನು ನಾಲ್ಕು ದಿನದ ಮೇಲೆ ತೆಗೆದರೆ ಎಲೆಯೆಲ್ಲ ಡಬ್ಬಿಯ ತಳದಲ್ಲಿ, ಕೈಗೆ ಬರೀ ಕಡ್ಡಿ. ಗಾಬರಿ ಬೇಡ, ಉದುರಿದ ಎಲೆ ಹಸಿರಾಗಿ ಗರಿಗರಿಯಾಗಿದ್ದರೆ ಬಳಸಬಹುದು. ಹೇಗೂ ಉದುರುವುದನ್ನು ನಾವೇ ಉದುರಿಸುವುದು ವಾಸಿ: ತಂದ ದಿನವೇ ಎಲೆ ಬಿಡಿಸಿ, ತೊಳೆಯದೆ, ಒಣ ಬಟ್ಟೆಯಲ್ಲಿ ಒರೆಸಿ, ಪೇಪರ್ ಹಾಸಿದ ಡಬ್ಬಿಯಲ್ಲಿ ಹಾಕಿ. ಹೆಚ್ಚು ಇದ್ದರೆ ಫ್ರೀಜರ್‌ಗೆ. ವಿದೇಶದಲ್ಲಿರುವ ನಮ್ಮವರು ಎಷ್ಟೋ ಜನ ಊರಿಂದ ಬಂದ ಕರಿಬೇವನ್ನು ಹೀಗೇ ತಿಂಗಳುಗಟ್ಟಲೆ ಬಳಸುತ್ತಾರೆ. ಕರಗಲು ಬಿಡದೆ ನೇರ ಒಗ್ಗರಣೆಗೆ ಹಾಕಬೇಕು, ಎಣ್ಣೆ ಸಿಡಿಯುತ್ತದೆ, ಮುಖ ದೂರ ಇರಲಿ.

ನೋಡಲು ಚೆನ್ನಾಗಿದೆ, ಪರಿಮಳವೇ ಇಲ್ಲ

ಕೊತ್ತಂಬರಿಯ ವಾಸನೆ ಎಲೆಯ ಬಣ್ಣಕ್ಕಿಂತ ಮುಂಚೆ ಹೋಗುತ್ತದೆ. ಹತ್ತು ಹನ್ನೆರಡು ದಿನ ಹಸಿರಾಗಿ ನಿಂತ ಸೊಪ್ಪನ್ನು ತಿಳಿಸಾರಿಗೆ ಹಾಕಿ ನೋಡಿ, ಗೊತ್ತಾಗುತ್ತದೆ. ಆದ್ದರಿಂದ ಎಷ್ಟು ದಿನ ಹಸಿರಾಗಿತ್ತು ಅಂತ ಜಂಬ ಪಡುವುದರಲ್ಲಿ ಅರ್ಥವಿಲ್ಲ. ನಾಟಿ ಕೊತ್ತಂಬರಿಗೆ ಘಮ ಜಾಸ್ತಿ, ಬಾಳಿಕೆ ಕಡಿಮೆ; ಅಗಲ ಎಲೆಯ ಹೈಬ್ರಿಡ್ ನೋಟಕ್ಕೆ ನಿಲ್ಲುತ್ತದೆ. ಸಾರಿಗೆ ನಾಟಿ, ಅಲಂಕಾರಕ್ಕೆ ಹೈಬ್ರಿಡ್ ಅನ್ನುವುದು ನನ್ನ ಪಕ್ಷಪಾತ.

ಹೆಚ್ಚು ಉಳಿದಿದ್ದರೆ ಘಮ ಇರುವಾಗಲೇ ರುಬ್ಬಿ, ಐಸ್ ಟ್ರೇಯಲ್ಲಿ ಹಾಕಿ ಗಟ್ಟಿ ಮಾಡಿಡಿ. ಕೊತ್ತಂಬರಿ ಸೊಪ್ಪನ್ನು ಒಣಗಿಸಿದರೆ ಹುಲ್ಲು ಸಿಗುತ್ತದೆ, ಅಷ್ಟೇ. ಪುದೀನ ನೆರಳಲ್ಲಿ ಚೆನ್ನಾಗಿ ಒಣಗುತ್ತದೆ, ಪುಡಿ ಮಾಡಿ ಮಜ್ಜಿಗೆಗೆ ಹಾಕಬಹುದು. ಹಳದಿ ಎಲೆ ಆರಿಸಿದ ಮೇಲೆ ಉಳಿಯುವ ಕೊತ್ತಂಬರಿ ದಂಟು ಎಸೆಯಬೇಡಿ. ಹಸಿಮೆಣಸಿನಕಾಯಿ, ತೆಂಗಿನಕಾಯಿ, ಹುಣಸೆಹಣ್ಣಿನ ಜತೆ ರುಬ್ಬಿದರೆ ಎಲೆಗಿಂತ ದಂಟಿನ ಚಟ್ನಿಯೇ ಖಡಕ್ಕಾಗಿರುತ್ತದೆ.